ಮಾಶನ್ ಮಲಗಿದ ಮೂರು ದಿನ

ನನ್ನ ಕೂಮ ಮಾಶನ್ ಕೆಲಸ ಮಾಡುವ ಮನುಷ್ಯ. ಇದನ್ನು ಹೀಗೆ ನಾಲ್ಕು ಜನ ಓದುವಂತೆ ಬರೆಯುವುದು ನನಗೆ ಸಂಕಟವೇ. ಆದರೆ ಇಡೀ ರಿಸಾನ್ ಪಟ್ಟಣಕ್ಕೆ ಗೊತ್ತಿರುವುದನ್ನು ನಾನೊಬ್ಬ ಮುಚ್ಚಿಟ್ಟು ಆಗಬೇಕಾದ್ದೇನು? ಕೂಮ ಎಂದರೆ, ಅವನ ಮದುವೆಗೆ ಸಾಕ್ಷಿ ನಿಂತವನು ನಾನು. ನಮ್ಮಲ್ಲಿ ಒಡಹುಟ್ಟಿದ ತಮ್ಮನ ಜೊತೆ ಹತ್ತು ವರ್ಷ ಮಾತು ಬಿಡಬಹುದು, ಕೂಮನ ಜೊತೆ ಒಂದು ದಿನವೂ ಬಿಡುವಂತಿಲ್ಲ. ಹಾಗಾಗಿ ಅವನ ಈ ದೌರ್ಬಲ್ಯವನ್ನು ಇಪ್ಪತ್ತೆರಡು ವರ್ಷಗಳಿಂದ ಹಲ್ಲುಕಚ್ಚಿ ಸಹಿಸಿಕೊಂಡಿದ್ದೇನೆ.

ಬೆಳಿಗ್ಗೆ ನಾವೆಲ್ಲ ಬಂದರಿನ ಕಾಫಿ ಅಂಗಡಿಯಲ್ಲಿ ಮೊದಲ ಕಾಫಿ ಮುಗಿಸಿ, ಎರಡನೆಯದಕ್ಕೆ ತ್ರಾಣ ಕೂಡಿಸಿಕೊಳ್ಳುವಷ್ಟರಲ್ಲಿ ಅವನು ಎರಡು ಮನೆಯ ನಲ್ಲಿ ಸರಿಮಾಡಿ ಒಂದು ದೋಣಿಗೆ ಬಣ್ಣ ಬಳಿದು ಬಂದಿರುತ್ತಾನೆ. ಮಾಂಟೆನೆಗ್ರೊದ ಗಂಡಸಿಗೆ ಇದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ಮನುಷ್ಯ ದಣಿದೇ ಹುಟ್ಟುತ್ತಾನೆ, ಸುಧಾರಿಸಿಕೊಳ್ಳುವುದಕ್ಕೇ ಬದುಕಿರುತ್ತಾನೆ ಎಂಬುದು ನಮ್ಮ ಹಿರಿಯರ ಮಾತು. ನಮ್ಮ ಬೀದಿಯ ಸಾವೊನ ಅಜ್ಜ ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಒಮ್ಮೆ ಬೆವರಿದ್ದನ್ನು ಯಾರೋ ಕಂಡುಬಿಟ್ಟರು. ಇವತ್ತಿಗೂ ಅದು ಬೆವರಿನವರ ಮನೆ. ಮೊಮ್ಮಗಳಿಗೆ ಸಂಬಂಧ ಹುಡುಕುವಷ್ಟರಲ್ಲಿ ಸಾವೊನಿಗೆ ಸಾಕುಬೇಕಾಯಿತು.

ಈ ಕಳಂಕ ಮುಚ್ಚಿಕೊಳ್ಳಲು ಮಾಶನ್ ಒಂದು ಬಡಾಯಿ ಸಾಕಿಕೊಂಡಿದ್ದ. ತಾನು ಕರಾವಳಿಯಲ್ಲಿ ಹುಟ್ಟಿದ್ದು ಅಕಸ್ಮಾತ್ತು, ತನ್ನದು ಬೆಟ್ಟದ ರಕ್ತ, ದುರ್ಮಿತೋರ್ ಬೆಟ್ಟದ ಕಲ್ಲುಕಲ್ಲೂ ತನ್ನನ್ನು ಹೆಸರು ಹಿಡಿದು ಕರೆಯುತ್ತದೆ ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ ಅವನು ಬೆಟ್ಟಕ್ಕೆ ಹೋದದ್ದು ಒಂದೇ ಸಲ, ನಾಲ್ಕನೇ ತರಗತಿಯಲ್ಲಿ. ದಾರಿಯುದ್ದಕ್ಕೂ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತ ತಲೆ ಎತ್ತಲೇ ಇಲ್ಲ. ಪಕ್ಕದಲ್ಲಿ ಕೂತಿದ್ದವನು ನಾನೇ, ಹಾಗಾಗಿ ನನಗೆ ಚೆನ್ನಾಗಿ ನೆನಪಿದೆ.

ಹಡಗು ರಿಪೇರಿಯ ಕಾರ್ಖಾನೆ ಮುಚ್ಚಿ ಅವನು ಮನೆಯಲ್ಲಿ ಕೂತಾಗ ಈ ಬಡಾಯಿ ಕೆಲಸಕ್ಕೆ ಬಂತು. ಪ್ರವಾಸದ ಕಚೇರಿ ನಡೆಸುವ ಮಿಲೇವಾಗೆ ಬೆಟ್ಟದ ಗೈಡ್ ಒಬ್ಬ ಬೇಕಾಗಿತ್ತು.

"ವಿಯೆನ್ನಾದಿಂದ ಆರು ಜನ ಬರ್ತಿದ್ದಾರೆ, ಎಲ್ಲಾ ರಿಟೈರಾದವರು," ಎಂದಳು ಮಿಲೇವಾ. "ಗುರುವಾರ ಕರ್ಕೊಂಡು ಹೋಗಿ ಕಪ್ಪು ಸರೋವರ, ತಾರಾ ನದಿ ಸೇತುವೆ, ಬೆಟ್ಟದ ತುದಿ ತೋರ್ಸು. ಶನಿವಾರ ಅವರು ನಗ್ತಾ ವಾಪಸ್ ಬಂದ್ರೆ ಕೆಲಸ ನಿಂದು, ಖಾಯಂ. ಒಬ್ರು ಮುಖ ಊದಿಸ್ಕೊಂಡು ಬಂದ್ರೂ ನಿನ್ ದಾರಿ ನಿಂಗೆ."

ಅವನ ದಾರಿ ಎಂದರೆ ಭಾವಮೈದನ ಕೋಳಿ ಫಾರಂ. ಆ ಭಾವಮೈದ ಮದುವೆಯ ದಿನದಿಂದಲೇ ಕಾಯುತ್ತಿದ್ದ, ಈ ಭಾವ ಯಾವತ್ತಾದರೂ ತನ್ನ ಕೋಳಿಗಳ ಕಾಲಬುಡಕ್ಕೆ ಬಂದೇ ಬರುತ್ತಾನೆಂದು. ಮಾಶನ್‌ನ ಹೆಂಡತಿ ಯಾಗ್ಲಿಕಾ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು: "ಕೂಮ, ವ್ಯಾನ್ ಓಡ್ಸೋದು ನೀವು. ಅವರಿಗೆ ಬೆಟ್ಟ ಯಾವ ಕಡೆ ಇದೆ ಅಂತನೂ ಗೊತ್ತಿಲ್ಲ. ನನ್ ತಮ್ಮನ ಮುಂದೆ ಅವರು ತಲೆ ತಗ್ಗಿಸಿ ನಿಲ್ಲೋದನ್ನ ನನ್ ಕೈಲಿ ನೋಡಕ್ಕಾಗಲ್ಲ."

ಗುರುವಾರ ಹೊರಟೆವು. ಆರು ಜನರ ಪರವಾಗಿ ಮಾತಾಡುತ್ತಿದ್ದವಳು ಹೆಡ್ವಿಗ್ ಎಂಬಾಕೆ, ಭೂಗೋಳದ ಟೀಚರಾಗಿದ್ದು ನಿವೃತ್ತಳಾದವಳು. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತಿದ್ದಳು, ಹಾಗಾಗಿ ನಮಗಿಂತ ಶುದ್ಧವಾಗಿ ಮಾತಾಡುತ್ತಿದ್ದಳು. ಮಾಶನ್ ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತು ಕೈ ಬೀಸಿದ.

"ಅಲ್ಲಿ ಕಾಣ್ತಿದೆಯಲ್ಲ, ಅದು ರೋಮನ್ನರ ಕಾಲದ ಕೋಟೆ ಗೋಡೆ."

"ಅದು ನೀರಿನ ತೊಟ್ಟಿ," ಎಂದಳು ಹೆಡ್ವಿಗ್. "ಅದರ ಮೇಲೆ ಸಾವಿರದ ಒಂಬೈನೂರ ಎಪ್ಪತ್ತೆಂಟು ಎಂದು ಬರೆಯಲಾಗಿದೆ."

"ರೋಮನ್ನರು ಕಟ್ಟಿದ್ದನ್ನ ಆಮೇಲೆ ಬಣ್ಣ ಹೊಡ್ಸಿದ್ರು," ಎಂದ ಮಾಶನ್.

ನಿಕ್ಷಿಚ್ ದಾಟಿದ ಮೇಲೆ ರಸ್ತೆ ಎರಡಾಗಿ ಒಡೆಯಿತು. ಮಾಶನ್ ಕಣ್ಣು ಕಿರಿದು ಮಾಡಿ, ಗಾಳಿ ಮೂಸಿ, ಎಡಕ್ಕೆ ಎಂದ. ಎಡಕ್ಕಲ್ಲ ಎಂದು ನನಗೆ ಅನುಮಾನವಿತ್ತು. ಆದರೆ ತಿದ್ದಬೇಕಾದರೆ ಗಾಡಿ ನಿಲ್ಲಿಸಬೇಕು, ನಕ್ಷೆ ಬಿಚ್ಚಬೇಕು, ವಾದ ಮಾಡಬೇಕು. ಅಷ್ಟೆಲ್ಲ ಶ್ರಮ ಯಾರಿಗೆ ಬೇಕು? ಎಡಕ್ಕೆ ತಿರುಗಿಸಿದೆ. ಒಂದೂವರೆ ಗಂಟೆಯ ನಂತರ ಡಾಂಬರು ಮುಗಿಯಿತು, ಆಮೇಲೆ ಜಲ್ಲಿ ಮುಗಿಯಿತು, ಕೊನೆಗೆ ಒಂದು ಹುಲ್ಲುಗಾವಲಿನಲ್ಲಿ ರಸ್ತೆಯೇ ಮುಗಿಯಿತು. ಅದು ಯಾಸೆನ್‌ದೋ ಎಂಬ ಹಳ್ಳಿ. ಎದುರಿಗೆ ಒಂದು ಭಾರಿ ಮರ, ಮರದಡಿಯಲ್ಲಿ ಹನ್ನೆರಡು ಮಂದಿ ಗಂಡಸರು ಸಾಲಾಗಿ ಮಲಗಿದ್ದರು. ಸುತ್ತ ಬೆಂಚು ಹಾಕಿಕೊಂಡು ನೂರಾರು ಜನ ಅವರನ್ನೇ ನೋಡುತ್ತಿದ್ದರು.

ಅದು ಯಾಸೆನ್‌ದೋದ ವರ್ಷಾವಧಿ ಮಲಗುವ ಪಂದ್ಯ. ಯಾರು ಕೊನೆಯವರೆಗೆ ಏಳುವುದಿಲ್ಲವೋ ಅವರು ಗೆದ್ದಂತೆ. ಕೂರಬಾರದು, ನಿಲ್ಲಬಾರದು. ಎಂಟು ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ಬಿಡುವು. ಮಾಶನ್‌ಗೆ ಇದೊಂದೂ ಗೊತ್ತಿರಲಿಲ್ಲ. ಅವನು ಗಂಭೀರವಾಗಿ, "ಬೆಟ್ಟದ ಜನ ಊಟ ಆದ್ಮೇಲೆ ಹೀಗೇನೇ," ಎಂದು ಅತಿಥಿಗಳಿಗೆ ವಿವರಿಸಿದ.

ಹೆಡ್ವಿಗ್‌ಗೆ ವ್ಯಾನಿನ ಮೇಲಿದ್ದ ತನ್ನ ಪೆಟ್ಟಿಗೆ ಬೇಕಾಯಿತು. "ಅದು ಭಾರವಾಗಿದೆ, ದಯವಿಟ್ಟು ಇಬ್ಬರು ಎತ್ತಿರಿ," ಎಂದಳು.

"ಬಿಡಿ ತಾಯಿ. ಬೆಟ್ಟದ ಗಂಡಸಿಗೆ ಇದೆಲ್ಲ ಹತ್ತಿ ಮೂಟೆ," ಎಂದು ಮಾಶನ್ ಒಬ್ಬನೇ ಎಳೆದ.

ಕಟಕ್ ಎಂದಿತು. ಪೆಟ್ಟಿಗೆ ಮುರಿಯಿತು ಎಂದುಕೊಂಡೆ. ಆದರೆ ಪೆಟ್ಟಿಗೆ ನೆಟ್ಟಗೇ ನೆಲಕ್ಕೆ ಇಳಿಯಿತು. ಮಾಶನ್ ಮಾತ್ರ ಬಗ್ಗಿದವನು ಬಗ್ಗಿದಂತೆಯೇ ನಾಲ್ಕು ಹೆಜ್ಜೆ ಓಡಿ, ಹನ್ನೊಂದನೆಯವನಿಗೂ ಹನ್ನೆರಡನೆಯವನಿಗೂ ನಡುವೆ ಅಂಗಾತ ಬಿದ್ದ.

ಕೈಯಲ್ಲಿ ಪುಸ್ತಕ ಹಿಡಿದು ಒಬ್ಬ ಮೀಸೆಯ ಮುದುಕ ಬಂದ. ಹೆಸರು ರಾದೊಯೆ, ಆ ಊರಿನ ಊಟದ ಮನೆಯ ಯಜಮಾನ, ಪಂದ್ಯದ ಮುಖ್ಯಸ್ಥ. "ಬೆಳಿಗ್ಗೆ ಶುರುವಾಗಿದ್ದಕ್ಕೆ ಈಗ ಬರ್ತಿದ್ದೀಯ," ಎಂದ. "ಇರಲಿ. ಈ ಪಂದ್ಯಕ್ಕೆ ತಡವಾಗಿ ಬರೋದೂ ಒಂದು ಯೋಗ್ಯತೆನೇ. ಹೆಸರು ಹೇಳು."

ನಾನು ಮಾಶನ್‌ನ ಬಾಯಿಯ ಹತ್ತಿರ ಕಿವಿ ಇಟ್ಟೆ.

"ಕೂಮ, ಸೊಂಟ ಹೋಯ್ತು. ಬೆರಳು ಅಲ್ಲಾಡ್ಸಿದ್ರೂ ಪ್ರಾಣ ಹೋಗತ್ತೆ."

"ಹಾಗಾದ್ರೆ ಹೇಳೋಣ. ಡಾಕ್ಟರನ್ನ ಕರ್ಸೋಣ."

"ಏನಂತ ಹೇಳ್ತೀಯ? ಹೆಂಗಸಿನ ಪೆಟ್ಟಿಗೆ ಹೊತ್ತು, ದುಡಿದು ಸೊಂಟ ಮುರ್ಕೊಂಡ ಅಂತಲಾ? ಇಷ್ಟು ಜನರ ಮುಂದೆ? ನಾಳೆ ಬೆವರಿನವರ ಮನೆ ಪಕ್ಕ ಸೊಂಟದವರ ಮನೆ ಅಂತ ಆಗತ್ತೆ ಕಣೋ. ಮಿಲೇವಾ ಕಿವಿಗೆ ಬಿದ್ರೆ ಕೆಲಸನೂ ಹೋಯ್ತು. ಹೆಸರು ಬರ್ಸು."

ಬರೆಸಿದೆ. ಮಾಶನ್ ಪೆರುತಿಚ್, ರಿಸಾನ್. ಊರಿನ ಹೆಸರು ಕೇಳಿ ಜನ ಬಿದ್ದು ಬಿದ್ದು ನಕ್ಕರು.

"ಸಮುದ್ರದವನಂತೆ. ಮೀನಿನ ಹಾಗೆ ಪಟಪಟ ಅಂತ ಹೊಡ್ಕೊಂಡು ಅರ್ಧ ಗಂಟೇಲಿ ಎದ್ದುಹೋಗ್ತಾನೆ ನೋಡು," ಎಂದಳು ಒಬ್ಬಳು ಮುದುಕಿ.

ಪಕ್ಕದಲ್ಲಿ ಮಲಗಿದ್ದವನು ವುಕೋಟಾ. ಮೂರು ವರ್ಷ ಸತತವಾಗಿ ಗೆದ್ದವನು. ಕುರಿ ಕಾಯುವುದು ಅವನ ಕಸುಬು, ಆದರೆ ಅವನ ಕುರಿಗಳು ತಾವೇ ಹೋಗಿ ತಾವೇ ಮೇಯ್ದು ತಾವೇ ಬರುವುದನ್ನು ಕಲಿತಿದ್ದವು. ಅವನು ತಲೆ ತಿರುಗಿಸದೆ ಕಣ್ಣು ಮಾತ್ರ ಹೊರಳಿಸಿ ಮಾಶನ್‌ನನ್ನು ನೋಡಿದ.

"ಏಯ್ ಸಮುದ್ರ, ಉಸಿರಾಡ್ತಿದ್ದೀಯೇನೋ?"

"ಬೇಕಾದಾಗ," ಎಂದ ಮಾಶನ್. ಅದಕ್ಕಿಂತ ಹೆಚ್ಚು ಮಾತಾಡಿದರೆ ಸೊಂಟ ಹಿಡಿಯುತ್ತಿತ್ತು.

ವುಕೋಟಾನ ಮುಖ ಸ್ವಲ್ಪ ಬಿಳುಪೇರಿದ್ದನ್ನು ನಾನು ಕಂಡೆ.

ಒಂದು ಗಂಟೆ ಕಳೆಯಿತು, ಎರಡಾಯಿತು. ಉಳಿದವರು ಮಗ್ಗುಲು ಬದಲಿಸಿದರು, ಆಕಳಿಸಿದರು, ಕಾಲು ಕೆರೆದುಕೊಂಡರು. ಮಾಶನ್ ಮಾತ್ರ ಬಿದ್ದ ಭಂಗಿಯಲ್ಲೇ ಇದ್ದ, ಒಂದು ಕೈ ಮೇಲಕ್ಕೆ, ಒಂದು ಕಾಲು ಸೊಟ್ಟ. ಒಂದು ನೊಣ ಬಂದು ಮೂಗಿನ ಮೇಲೆ ಕೂತಿತು. ಜನ ಉಸಿರು ಬಿಗಿಹಿಡಿದು ನೋಡಿದರು. ನೊಣ ಮೂಗಿನಿಂದ ಹುಬ್ಬಿಗೆ ನಡೆಯಿತು, ಹುಬ್ಬಿನಿಂದ ಕಿವಿಗೆ ಇಳಿಯಿತು, ಅಲ್ಲಿ ಏನನ್ನೋ ಯೋಚಿಸಿ ಹಾರಿಹೋಯಿತು. ಮಾಶನ್ ಅಲುಗಲಿಲ್ಲ.

"ಇದು ಹುಟ್ಟಿನಿಂದ ಬರಬೇಕು, ಕಲಿತು ಬರೋದಲ್ಲ," ಎಂದ ರಾದೊಯೆ ಮೆಲ್ಲಗೆ.

ಎಂಟು ಗಂಟೆಯ ಸರದಿ ಮುಗಿದಾಗ ಹತ್ತು ನಿಮಿಷದ ಬಿಡುವು ಬಂತು. ಹನ್ನೆರಡೂ ಜನ ಎದ್ದು ಪೊದೆಯ ಕಡೆ ಓಡಿದರು. ಮಾಶನ್ ಮರದ ಕೊಂಬೆಯನ್ನೇ ನೋಡುತ್ತ, "ನಂಗೆ ಬೇಡ," ಎಂದ. ಇಬ್ಬರು ಮುದುಕಿಯರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಜನ ಚದುರಿದ ಮೇಲೆ ನಾನು ಒಂದು ಕಂಬಳಿ ಮರೆ ಹಿಡಿದು, ಒಂದು ಖಾಲಿ ಸೀಸೆಯಿಂದ ಮಾಡಬೇಕಾದ ಉಪಕಾರ ಮಾಡಿದೆ. ಕೂಮ ಸಂಬಂಧ ಎಂದರೆ ಏನೆಂದು ನನಗೆ ಆಗ ಪೂರ್ತಿ ಅರ್ಥವಾಯಿತು.

ಶುಕ್ರವಾರ ಬೆಳಗಿನ ಹೊತ್ತಿಗೆ ಐದು ಜನ ಎದ್ದುಹೋಗಿದ್ದರು, ಸುದ್ದಿ ಕಣಿವೆಗಳನ್ನು ದಾಟಿತ್ತು. ಪೆರುತಿಚ್ ಕುಲದವರು ಎರಡು ಟ್ರ್ಯಾಕ್ಟರುಗಳಲ್ಲಿ ಬಂದಿಳಿದರು. ಮುಂದೆ ಇದ್ದವನು ಮಾಶನ್‌ನ ದೊಡ್ಡಪ್ಪ ಬ್ಲಾಗೊತಾ. ಕರಾವಳಿಗೆ ಹೋಗಿ ಕೆಲಸ ಕಲಿತ ಆ ಸಂಸಾರದ ಹೆಸರನ್ನೇ ಮೂವತ್ತು ವರ್ಷಗಳಿಂದ ಎತ್ತದಿದ್ದ ಮನುಷ್ಯ. ಈಗ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ನಿಂತ.

"ರಕ್ತ ಎಲ್ಲಿಗೆ ಹೋಗತ್ತೆ," ಎಂದ ಬ್ಲಾಗೊತಾ, ಕಣ್ಣು ಒರೆಸಿಕೊಳ್ಳುತ್ತ. "ನಮ್ಮಪ್ಪನೂ ಹೀಗೇ ಮಲಗ್ತಿದ್ದ. ಮನೆಗೆ ಬೆಂಕಿ ಬಿದ್ದಾಗ ಹಾಸಿಗೆ ಸಮೇತ ಹೊತ್ಕೊಂಡು ಬಂದ್ವಿ, ಎಚ್ಚರ ಆಗ್ಲಿಲ್ಲ. ಮಗನೇ, ಏನಾದ್ರೂ ಬೇಕೇನೋ?"

"ಏನೂ ಬೇಡ ದೊಡ್ಡಪ್ಪ. ಮುಟ್ಟಬೇಡಿ ಅಷ್ಟೇ."

"ಮುಟ್ಟಬೇಡಿ ಅಂತೆ," ಎಂದು ದೊಡ್ಡಪ್ಪ ಕುಲದವರಿಗೆಲ್ಲ ಹೆಮ್ಮೆಯಿಂದ ಸಾರಿದ.

ತಾಲ್ಲೂಕಿನ ಡಾಕ್ಟರು ಸ್ಪರ್ಧಿಗಳನ್ನು ಪರೀಕ್ಷಿಸಲು ಬಂದಾಗ, ಎಲ್ಲ ಬಯಲಾಯಿತು ಎಂದುಕೊಂಡೆ. ಅವರು ಮಾಶನ್‌ನ ಮೊಣಕಾಲು ಎತ್ತಿ ಬಿಟ್ಟರು. ಮಾಶನ್‌ನ ಗಂಟಲಿನಿಂದ ಕುಂಯ್ ಎಂದು ಒಂದು ಸದ್ದು ಬಂತು. ಡಾಕ್ಟರು ಎದ್ದು ನಿಂತು ಕನ್ನಡಕ ಒರೆಸಿದರು. "ನಾನು ಇಪ್ಪತ್ತಾರು ವರ್ಷದಿಂದ ಈ ಪಂದ್ಯಕ್ಕೆ ಬರ್ತಿದ್ದೀನಿ. ನಿದ್ದೆ ಕೆಟ್ಟರೆ ಬೈಯೋರನ್ನ ನೋಡಿದ್ದೀನಿ. ಬೈಯೋದಕ್ಕೂ ಸೋಮಾರಿತನ ಮಾಡಿ ಬರೀ ಕುಂಯ್ ಅನ್ನೋನನ್ನ ಇವತ್ತೇ ನೋಡ್ತಿರೋದು," ಎಂದರು. ನಂತರ ರಾದೊಯೆಯ ಮನೆಯಲ್ಲಿ ರಾಕಿಯಾ ಸಾರಾಯಿ ಕುಡಿಯಲು ಹೋದವರು ಮತ್ತೆ ಪರೀಕ್ಷೆಗೆ ಬರಲಿಲ್ಲ.

ನನ್ನ ಫೋನು ಹೊಡೆದುಕೊಂಡಿತು. ಮಿಲೇವಾ.

"ಗವ್ರೋ, ಕಪ್ಪು ಸರೋವರ ನೋಡಿದ್ರಾ?"

"ಇನ್ನೂ ಇಲ್ಲ. ಸರೋವರ ಎಲ್ಲಿಗೆ ಓಡಿಹೋಗತ್ತೆ?"

"ಮಾಶನ್‌ಗೆ ಫೋನ್ ಕೊಡು."

"ಕೆಲಸದಲ್ಲಿದ್ದಾನೆ. ಪಾಪ, ಏಳೋಕೂ ಪುರುಸೊತ್ತಿಲ್ಲ," ಎಂದೆ. ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅತಿಥಿಗಳ ಕಥೆ ಏನಾಯಿತೆಂದು ಕೇಳಬೇಡಿ. ಮೊದಲ ದಿನ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು, ಗಡಿಯಾರ ನೋಡುತ್ತಿದ್ದರು. ಎರಡನೇ ದಿನ ರಾದೊಯೆ ಆಲೂಗೆಡ್ಡೆ, ಜೋಳದ ಹಿಟ್ಟು, ಗಿಣ್ಣು ಕಲಸಿ ಬೇಯಿಸಿದ ಕಚಮಾಕ್ ಬಡಿಸಿದ. ಅದನ್ನು ಒಂದು ಬಟ್ಟಲು ತಿಂದವನು ಕೂತಿರಲಾರ. ಮಧ್ಯಾಹ್ನದ ಹೊತ್ತಿಗೆ ಆರೂ ಜನ ಹುಲ್ಲಿನ ಮೇಲೆ ಉರುಳಿದ್ದರು. ಹೆಡ್ವಿಗ್ ಮಾತ್ರ ಆಗಾಗ ಎದ್ದು ಮಾಶನ್‌ನನ್ನು ನೋಡುತ್ತಿದ್ದಳು, ತನ್ನ ಪೆಟ್ಟಿಗೆಯನ್ನು ನೋಡುತ್ತಿದ್ದಳು, ಬೆರಳಲ್ಲಿ ಏನೋ ಲೆಕ್ಕ ಹಾಕುತ್ತಿದ್ದಳು.

ಶನಿವಾರ ಬೆಳಿಗ್ಗೆ ಉಳಿದವರು ಇಬ್ಬರೇ, ವುಕೋಟಾ ಮತ್ತು ಮಾಶನ್. ಯಾರೋ ತೆಗೆದ ವಿಡಿಯೊ ಅಷ್ಟು ಹೊತ್ತಿಗೆ ರಿಸಾನ್ ಮುಟ್ಟಿತ್ತು. ಮಿಲೇವಾಳ ಕಾರು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಮಿಲೇವಾ ಇಳಿಯುವ ಮೊದಲೇ ಆಚೆ ಬಾಗಿಲಿನಿಂದ ಯಾಗ್ಲಿಕಾ ಇಳಿದು ಓಡಿಬಂದಳು. ಅವಳ ಮುಖ ನೋಡಿ ನನಗೆ ಭಯವಾಯಿತು. ಈ ಭೂಮಿಯ ಮೇಲೆ ಮಾಶನ್ ಐದು ನಿಮಿಷ ಸುಮ್ಮನೆ ಮಲಗುವವನಲ್ಲ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳು. ವಿಡಿಯೊ ನೋಡಿ ಗಂಡನಿಗೆ ಲಕ್ವ ಹೊಡೆದಿದೆ ಎಂದೇ ತಿಳಿದು ಬಂದಿದ್ದಳು.

ಅವನ ಪಕ್ಕ ಮಂಡಿಯೂರಿದಳು. "ಏನಾಯ್ತು ನಿಮಗೆ?"

"ಸೊಂಟ," ಎಂದು ಪಿಸುಗುಟ್ಟಿದ ಮಾಶನ್. ಕಣ್ಣಂಚಿನಲ್ಲಿ ನೀರಿತ್ತು. "ಪೆಟ್ಟಿಗೆ ಎತ್ತಿದೆ. ಕೆಲಸ ಹೋಯ್ತು ಕಣೇ. ಸರೋವರ ತೋರ್ಸಿಲ್ಲ, ಸೇತುವೆ ತೋರ್ಸಿಲ್ಲ. ನಿನ್ ತಮ್ಮನಿಗೆ ಹೇಳ್ಬಿಡು, ಕೋಳಿಗಳಿಗೆ ನಾನೇ ಬರ್ತೀನಿ."

ಅಷ್ಟರಲ್ಲಿ ಬೆಂಚಿನಿಂದ, ಮೊದಲ ದಿನ ಮೀನಿನ ಮಾತಾಡಿದ್ದ ಮುದುಕಿ ಕೂಗಿ ಕೇಳಿದಳು: "ಹೆಂಡತಿ ಏನಮ್ಮ ನೀನು? ನಿಜ ಹೇಳು. ಮನೇಲೂ ಹೀಗೇನಾ ಇವನು?"

ನೂರಾರು ಜನ ಕಾದರು. ಹಗಲೆಲ್ಲ ನಲ್ಲಿ ರಿಪೇರಿ, ಸಂಜೆ ಪಾತ್ರೆ ತೊಳೆದು, ತನಗೆ ಚಹ ಕಾಸಿ ಕೊಡುವ ಗಂಡನನ್ನು ಯಾಗ್ಲಿಕಾ ಒಮ್ಮೆ ನೋಡಿದಳು. ಎದ್ದು ನಿಂತು ಲಂಗ ಕೊಡವಿದಳು.

"ಇದೇನು ಮಹಾ," ಎಂದಳು. "ಇಲ್ಲಿ ಜನ ಇದ್ದಾರೆ ಅಂತ ಕಣ್ಣಾದ್ರೂ ಬಿಟ್ಟಿದ್ದಾರೆ. ಮನೇಲಿ ಅದೂ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ಲೋಟ ಎತ್ತಿಟ್ಟವರಲ್ಲ."

ಹುಲ್ಲುಗಾವಲು ಚಪ್ಪಾಳೆಯಿಂದ ತುಂಬಿತು. ಬ್ಲಾಗೊತಾ ದೊಡ್ಡಪ್ಪ ಸೊಸೆಯ ಹಣೆಗೆ ಮುತ್ತಿಟ್ಟ. ಗಂಡನ ಮಾನ ಉಳಿಸಲು ಅವಳು ಹೇಳಿದ ಆ ಸುಳ್ಳಿಗಿಂತ ಒಳ್ಳೆಯ ಪ್ರೀತಿಯ ಮಾತನ್ನು ನಾನು ಯಾವ ಮದುವೆಯಲ್ಲೂ ಕೇಳಿಲ್ಲ.

ಆಗ ಹೆಡ್ವಿಗ್ ಒಂದು ಸಣ್ಣ ಸ್ಟೂಲು ತಂದು ವುಕೋಟಾನ ತಲೆಯ ಹತ್ತಿರ ಹಾಕಿಕೊಂಡು ಕೂತಳು.

"ಮಾನ್ಯರೇ, ತಾವು ಮಲಗಿರುವ ನೆಲದ ಬಗ್ಗೆ ತಮಗೆ ಅರಿವಿದೆಯೇ?" ಎಂದು ಕೇಳಿದಳು. "ಇದು ಸುಣ್ಣಕಲ್ಲು. ಇದರ ಕಥೆ ಇಪ್ಪತ್ತು ಕೋಟಿ ವರ್ಷಗಳ ಹಿಂದೆ ಆರಂಭವಾಗುತ್ತದೆ."

ಆರಂಭಿಸಿದಳು. ಮೊದಲ ಗಂಟೆಯಲ್ಲಿ ಸಮುದ್ರ ಉಂಟಾಯಿತು. ಎರಡನೇ ಗಂಟೆಯಲ್ಲಿ ಅದರ ತಳದಲ್ಲಿ ಚಿಪ್ಪುಗಳು ಬಿದ್ದವು, ಒಂದೊಂದಾಗಿ. ವುಕೋಟಾ ಕಿವಿಗೆ ಹುಲ್ಲು ತುರುಕಿಕೊಂಡ. ಅವಳು ದನಿ ಏರಿಸಿದಳು. ಮೂರನೇ ಗಂಟೆಗೆ ಅವನ ಹಣೆಯ ಮೇಲೆ ಬೆವರು ಕಂಡಿತು. ಜನ ಮರ್ಯಾದೆಯಿಂದ ಬೇರೆ ಕಡೆ ನೋಡಿದರು.

"ತಾಯಿ," ಎಂದ ಅವನು ಕ್ಷೀಣವಾಗಿ, "ಈ ಬೆಟ್ಟ ಯಾವಾಗ ಬರತ್ತೆ?"

"ಬೆಟ್ಟ ಮೇಲೇಳಲು ಇನ್ನೂ ಹನ್ನೆರಡು ಕೋಟಿ ವರ್ಷಗಳಿವೆ. ನಾನು ಯಾವುದನ್ನೂ ಬಿಡದೆ ಹೇಳುವವಳು."

ವುಕೋಟಾ ಎದ್ದ. ಯಾರ ಮುಖವನ್ನೂ ನೋಡದೆ, ಕಂಬಳಿಯನ್ನೂ ತೆಗೆದುಕೊಳ್ಳದೆ, ನೆಟ್ಟಗೆ ತನ್ನ ಕುರಿಗಳ ಬಳಿಗೆ ನಡೆದುಹೋದ. ಅವನನ್ನು ಕಂಡು ಕುರಿಗಳಿಗೇ ಗಾಬರಿಯಾಯಿತು.

ಗೆದ್ದವನಿಗೆ ಟಗರು ಮತ್ತು ಒಂದು ಚಕ್ರ ಗಿಣ್ಣು. ಪುರಸಭೆಯ ಅಧ್ಯಕ್ಷರು ಬಂದು ನಲವತ್ತು ನಿಮಿಷ ಭಾಷಣ ಮಾಡಿ, ವಿಜೇತರು ಎದ್ದು ಬಂದು ಬಹುಮಾನ ಸ್ವೀಕರಿಸಬೇಕು ಎಂದರು. ಮಾಶನ್ ಏಳಲಿಲ್ಲ. ಅಧ್ಯಕ್ಷರು ಮತ್ತೊಮ್ಮೆ ಕರೆದರು. ಮಾಶನ್ ಕೊಂಬೆ ನೋಡುತ್ತಿದ್ದ. ಜನರಿಗೆ ಮೆಲ್ಲಮೆಲ್ಲಗೆ ಅರ್ಥವಾಯಿತು, ಗೆದ್ದ ಮೇಲೂ ಅವನು ಏಳುವುದಿಲ್ಲ. ಕೆಲವರು ಅಳತೊಡಗಿದರು. "ಇಂಥವನು ನೂರು ವರ್ಷಕ್ಕೆ ಒಬ್ಬ," ಎಂದು ರಾದೊಯೆ ಪುಸ್ತಕದಲ್ಲಿ ಬರೆದುಕೊಂಡ.

ಅವನನ್ನು ವ್ಯಾನಿಗೆ ಸಾಗಿಸಲು ರಾದೊಯೆ ಕೊಟ್ಟಿಗೆಯ ಬಾಗಿಲು ಕಳಚಿ ತಂದ. ಬಾಗಿಲು ಹೊರಲು ಆರು ಜನ ಬೇಕು ಎಂದ. ಅಲ್ಲಿ ಮುನ್ನೂರು ಗಂಡಸರಿದ್ದರು, ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ವಿಯೆನ್ನಾದ ಆರು ಜನ ನಿವೃತ್ತರು ಬಂದು ತಮ್ಮ ಗೈಡನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು.

ವ್ಯಾನಿನ ಹತ್ತಿರ ಮಿಲೇವಾ ಕೈಕಟ್ಟಿ ನಿಂತಿದ್ದಳು. "ಸರೋವರ ನೋಡಿದ್ರಾ?" ಎಂದು ಅತಿಥಿಗಳನ್ನು ಕೇಳಿದಳು.

"ಇಲ್ಲ," ಎಂದಳು ಹೆಡ್ವಿಗ್.

"ಸೇತುವೆ?"

"ಇಲ್ಲ."

"ಬೆಟ್ಟದ ತುದಿ?"

"ಮೋಡವನ್ನು ಕಂಡೆವು. ಅದರ ಹಿಂದೆ ಇರಬಹುದೆಂದು ಊಹಿಸಿದೆವು."

ಮಿಲೇವಾ ಬಾಗಿಲ ಮೇಲೆ ಮಲಗಿದ್ದವನ ಕಡೆ ತಿರುಗಿದಳು. ಮಾಶನ್ ಕಣ್ಣು ಮುಚ್ಚಿಕೊಂಡ. ಯಾಗ್ಲಿಕಾ ಅವನ ಕೈ ಹಿಡಿದುಕೊಂಡಳು.

"ಅಮ್ಮಾ," ಎಂದಳು ಹೆಡ್ವಿಗ್, "ನಾವು ಇಪ್ಪತ್ತು ದೇಶಗಳನ್ನು ನೋಡಿದ್ದೇವೆ. ಎಲ್ಲ ಮಾರ್ಗದರ್ಶಿಗಳೂ ಬೆಳಿಗ್ಗೆ ಆರಕ್ಕೆ ಎಬ್ಬಿಸಿ ನಮ್ಮನ್ನು ಓಡಿಸಿದರು. ಈ ಮಹನೀಯರೊಬ್ಬರೇ ನಮ್ಮನ್ನು ಮಲಗಿಸಿದರು. ಮುಂದಿನ ತಿಂಗಳು ನಮ್ಮ ಸಂಘದ ಹದಿನಾಲ್ಕು ಜನ ಬರುತ್ತಾರೆ. ಅವರಿಗೂ ಏನನ್ನೂ ತೋರಿಸಬಾರದು."

ಆಮೇಲೆ ಮಾಶನ್‌ನ ಕಿವಿಯ ಬಳಿ ಬಾಗಿದಳು. ನಾನು ಪಕ್ಕದಲ್ಲೇ ಇದ್ದೆ. "ಪೆಟ್ಟಿಗೆಯಲ್ಲಿ ನಾನು ಸಂಗ್ರಹಿಸಿದ ಕಲ್ಲುಗಳಿದ್ದವು, ಮೂವತ್ತೆಂಟು ಕಿಲೋ. ಕ್ಷಮಿಸಿ," ಎಂದಳು.

"ಯಾವ ಪೆಟ್ಟಿಗೆ ತಾಯಿ?" ಎಂದ ಮಾಶನ್.

ಕೆಲಸ ಖಾಯಂ ಆಯಿತು. ಮಿಲೇವಾ ವ್ಯವಹಾರ ಬಲ್ಲವಳು. ಸರೋವರಕ್ಕೆ, ಸೇತುವೆಗೆ ಬೇರೆ ಹುಡುಗರನ್ನು ಇಟ್ಟುಕೊಂಡು, ಮಾಶನ್‌ನನ್ನು ಯಾಸೆನ್‌ದೋದ ಮರದಡಿಗೇ ನೇಮಿಸಿದಳು. ಬೆಳಿಗ್ಗೆ ಒಂಬತ್ತರಿಂದ ಐದರವರೆಗೆ ಮಲಗಿರಬೇಕು, ಪ್ರವಾಸಿಗರು ಬಂದು ಅಕ್ಕಪಕ್ಕ ಮಲಗಿ ಕಲಿಯುತ್ತಾರೆ. ಕೋಳಿ ಫಾರಂನ ಭಾವಮೈದ ಹೆಂಡತಿ ಮಕ್ಕಳ ಸಮೇತ ಬಂದು ಭಾವನ ಜೊತೆ ಫೋಟೊ ತೆಗೆಸಿಕೊಂಡು ಹೋದ. ಸೊಂಟ ಮೂರು ವಾರದಲ್ಲಿ ಸರಿಹೋಯಿತು. ಎಲ್ಲ ಸುಖವಾಗಿದೆ ಎಂದುಕೊಂಡು ನಾನು ನನ್ನ ಕಾಫಿ ಅಂಗಡಿಗೆ ಮರಳಿದೆ.

ಮೊನ್ನೆ ರಾದೊಯೆಯ ಫೋನು ಬಂತು.

"ಗವ್ರೋ, ದಯವಿಟ್ಟು ಬಂದು ನಿನ್ ಕೂಮನ್ನ ಕರ್ಕೊಂಡು ಹೋಗಪ್ಪ."

"ಯಾಕೆ, ಎದ್ದುಬಿಟ್ನಾ?"

"ಎದ್ದಿದ್ರೆ ಚೆನ್ನಾಗಿತ್ತು. ಒಂಬತ್ತಕ್ಕೆ ಬಾ ಅಂದ್ರೆ ಆರಕ್ಕೇ ಬಂದು ಮಲಗ್ತಾನೆ. ಭಾನುವಾರ ರಜೆ ಅಂದ್ರೂ ಬರ್ತಾನೆ. ಮಳೇಲಿ ಕೊಡೆ ಹಿಡ್ಕೊಂಡು ಮಲಗ್ತಾನೆ. ಊಟಕ್ಕೆ ಏಳಪ್ಪ ಅಂದ್ರೆ, ಇದೊಂದು ಗಂಟೆ ಮುಗಿಸಿಬಿಡ್ತೀನಿ ಅಂತಾನೆ. ನಮ್ಮ ತಾತ ಮುತ್ತಾತಂದಿರ ಕಾಲದಿಂದ ಇಲ್ಲಿ ಯಾರೂ ಇಷ್ಟು ಕಷ್ಟಪಟ್ಟು ಮಲಗಿಲ್ಲ. ಊರಿನ ಜನ ನೋಡಿ ನೋಡಿ ಕೆಡ್ತಿದ್ದಾರೆ ಮಾರಾಯ."

"ಕೆಡೋದು ಅಂದ್ರೆ ಏನು?"

ರಾದೊಯೆ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದದ್ದು ಕೇಳಿಸಿತು. ಆಮೇಲೆ ದನಿ ತಗ್ಗಿಸಿ ಹೇಳಿದ:

"ನಿನ್ನೆ ವುಕೋಟಾ ಬೇಲಿ ಕಟ್ಟಿದ."